ಎರಡನೇ ಎಂಟರ್

೨೦೧೨ರ ಜೂನ್ ಐದು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಮರಾಠಿ ಸೀಮೆಯ ನಿಲಂಗಾದ ಮಣ್ಣು ಪರೀಕ್ಷಾ ಕೇಂದ್ರದ ಹಿಂದಿನ ಕೋಣೆಯಲ್ಲಿ ಜಯಮಾಲಾ ಎಡಗೈಯಿಂದ ಎಸ್ಕೇಪ್ ಕೀ ಒತ್ತಿ, ಕಪ್ಪು ಪರದೆಯ ಮೇಲಿನ ಕಮಾಂಡಿನ ಸಾಲಿನಲ್ಲಿ ಎರಡು ಪದ ಹಿಂದಕ್ಕೆ ಸರಿಯುತ್ತಿದ್ದಳು. ಔರಾದ ಶಹಾಜನಿ ಕಡೆಯ ಒಂದು ಹಳ್ಳಿಯ ರೈತರ ಮಣ್ಣಿನ ಕಾರ್ಡುಗಳು ಮಧ್ಯಾಹ್ನದೊಳಗೆ ಪ್ರಿಂಟ್ ಆಗಬೇಕಿತ್ತು. ಆಗ ಸಿಂದಾಳವಾಡಿಯ ಮಹಾದೇವಪ್ಪ, ಹೆಗಲ ಮೇಲಿನ ಕಂಬಳಿಯನ್ನೂ ಕಾಲಿನ ಚಪ್ಪಲಿಯನ್ನೂ ಬಿಡದೆ, ನೇರ ಒಳಗೆ ಬಂದ.

“ಈ ಕಾರ್ಡ ಯಾರು ತಗದೀರಿ?”

“ನಾನೇ. ಯಾಕ್ರೀ?”

“ನನ್ನ ಹೊಲದಾಗ ಕಸುವು ಭಾಳ ಅದ, ಈ ವರ್ಷ ಗೊಬ್ಬರ ಬ್ಯಾಡ ಅಂತ ಬರದೀರಿ. ನಾ ಕುರಿಯವ, ಯವ್ವಾ. ವರ್ಷಾ ನನ್ನ ಕುರಿ ನನ್ನ ಹೊಲದಾಗೇ ತರುಬತಿದ್ದೆ. ಈ ಸಲ ನಿಮ್ಮ ಕಾಗದಾ ನಂಬಿ ಹಿಂಡು ಒಯ್ದು ಭಾವನ ಹೊಲದಾಗ ತರುಬೀನಿ. ಅಂವಾ ಈಗ ಮೀಸಿ ತಿರುವಲತ್ಯಾನ. ಹಿಕ್ಕಿ ಎಲ್ಲಾ ಅವನ ಹೊಲದಾಗ ಬಿತ್ತು, ಕಾಗದಾ ನನ್ನ ಕಿಸೆದಾಗ ಉಳೀತು. ಇದನ್ನ ಹರದು ಹೊಲಕ್ಕ ಹಾಕ್ಲೇನು?”

ಬೇಸಿಗೆಯಲ್ಲಿ ರಾತ್ರಿ ಹೊತ್ತು ಕುರಿಗಳನ್ನು ಹೊಲದಲ್ಲಿ ಕೂಡಿಹಾಕಿ, ಅವುಗಳ ಹಿಕ್ಕೆಯಿಂದ ನೆಲಕ್ಕೆ ಗೊಬ್ಬರ ಕೊಡಿಸುವುದಕ್ಕೆ ಇಲ್ಲಿ ತರುಬುವುದು ಎನ್ನುತ್ತಾರೆ. ಬಾಗಿಲ ಬಳಿ ಕುಳಿತು ಮಣ್ಣು ಜರಡಿ ಹಿಡಿಯುತ್ತಿದ್ದ ಶೇವಂತಾಬಾಯಿ ನಕ್ಕಳು. ಜಯಮಾಲಾ ನಗಲಿಲ್ಲ.

“ನಿಮ್ಮ ಹೊಲಾ ಜುನಾದಾಗೋ, ನವಾದಾಗೋ?”

“ಹೊಲಾ ಜುನಾದಾಗ. ಮನಿ ನವಾದಾಗ. ಭೂಕಂಪ ಮನಿ ಎತ್ತಿ ಒಗೀತು, ಹೊಲಾ ಅಲ್ಲೇ ಬಿಟ್ಟಿತು.”

ಅವನು ಹೇಳಿದ್ದು ನಮ್ಮ ಕಡೆಯ ಅನೇಕ ಊರುಗಳಿಗೆ ಅನ್ವಯಿಸುತ್ತದೆ. ೧೯೯೩ರಲ್ಲಿ ಮಣ್ಣು ಕಲ್ಲಿನ ಮನೆಗಳು ಬಿದ್ದ ಮೇಲೆ ಸರಕಾರ ಬೇರೆ ಜಾಗದಲ್ಲಿ ಊರು ಕಟ್ಟಿಸಿತು. ಜನ ಅಲ್ಲಿಗೆ ಹೋದರು, ಹೆಸರೂ ಜೊತೆಗೆ ಹೋಯಿತು. ಹಳೆಯ ಊರಿನ ಹೊಲಗಳಿಗೆ ‘ಜುನಾ’ ಎಂದೂ ಹೊಸ ಊರಿನ ಸುತ್ತಲಿನ ಹೊಲಗಳಿಗೆ ‘ನವಾ’ ಎಂದೂ ಸೇರಿಸಿ ಹೇಳುವುದು ಅಭ್ಯಾಸವಾಯಿತು. ಒಂದೇ ಹೆಸರಿನ ಎರಡು ನೆಲಗಳ ನಡುವೆ ಕೆಲವೊಮ್ಮೆ ಮೂರು ಕಿಲೋಮೀಟರ್ ಅಂತರವಿದೆ, ಮಣ್ಣು ಪೂರ್ತಿ ಬೇರೆ. ಆದ್ದರಿಂದ ಕೇಂದ್ರದ ಕಂಪ್ಯೂಟರಿನಲ್ಲಿ ಅಂಥ ಪ್ರತಿ ಊರಿಗೂ ಎರಡು ಜೋಡಿ ಕಡತಗಳಿದ್ದವು. ಒಂದು ಜೋಡಿಯಲ್ಲಿ ರೈತರ ಹೆಸರಿನ ಕಡತ ಒಂದು, ನಾವು ಪ್ರಯೋಗಶಾಲೆಯಲ್ಲಿ ಕಂಡುಹಿಡಿದ ಫಲಿತಾಂಶದ ಕಡತ ಒಂದು. ಕಮಾಂಡಿನ ಒಂದೇ ಸಾಲು ಅವೆರಡನ್ನೂ ಕೂಡಿಸಿ ಕಾರ್ಡು ಮಾಡುತ್ತಿತ್ತು. ಊರಿನ ಹೆಸರು ಆ ಸಾಲಿನಲ್ಲಿ ಎರಡು ಕಡೆ ಬರುತ್ತಿತ್ತು.

ಜಯಮಾಲಾ ಹಳೆಯ ಸಾಲುಗಳನ್ನು ಪರದೆಗೆ ತರಿಸಿದಳು. ಏಪ್ರಿಲ್‌ನಲ್ಲಿ ತಾನು ಮಾಡಿದ್ದು ಕಂಡಿತು. ಮೊದಲು ನವಾ ಸಿಂದಾಳವಾಡಿಯ ಕಾರ್ಡು ತೆಗೆದಿದ್ದಳು. ಆಮೇಲೆ ಜುನಾಕ್ಕೆ ಅದೇ ಸಾಲನ್ನು ಹಿಂದಕ್ಕೆ ಕರೆದು, ಮೊದಲ ಕಡೆ ‘ನವಾ’ ತೆಗೆದು ‘ಜುನಾ’ ಹಾಕಿ, ಎರಡನೆಯ ಕಡೆ ಹಾಗೆಯೇ ಬಿಟ್ಟು ಎಂಟರ್ ಒತ್ತಿದ್ದಳು. ಹಳೆಯ ಊರಿನ ರೈತರ ಹೆಸರಿಗೆ ಹೊಸ ಊರಿನ ಮಣ್ಣು ಅಂಟಿಕೊಂಡಿತ್ತು.

ಅವಳು ಕುರ್ಚಿ ತಿರುಗಿಸಿದಳು. “ತಪ್ಪು ನಂದು, ಕಾಕಾ. ಗುರುವಾರ ಬರ್ರಿ, ಖರೇ ಕಾರ್ಡ ಕೊಡ್ತೀನಿ.”

“ಗುರುವಾರ ನನ್ನ ಕುರಿ ಭಾವನ ಹೊಲದಾಗ ಹಾಕಿದ ಹಿಕ್ಕಿ ವಾಪಸ್ ಬರ್ತದೇನು?”

“ಬರಂಗಿಲ್ಲ.”

ಇಷ್ಟು ನೇರ ಉತ್ತರ ಅವನು ನಿರೀಕ್ಷಿಸಿರಲಿಲ್ಲ. ಕಂಬಳಿ ಸರಿಪಡಿಸಿಕೊಂಡು ಹೊರಟುಹೋದ. ಅಷ್ಟರಲ್ಲಿ ಗದ್ದಲ ಕೇಳಿ ಮ್ಯಾನೇಜರ್ ಓಂಪ್ರಕಾಶ ತಮ್ಮ ಕೋಣೆಯಿಂದ ಹೊರಗೆ ಬಂದಿದ್ದರು.

ಜಯಮಾಲಾ ಆ ಸಾಲುಗಳ ಮೇಲೆ ಹೇಗೆ ಕೆಲಸ ಮಾಡುತ್ತಿದ್ದಳು, ಯಾಕೆ ಹಾಗೆ ಮಾಡುತ್ತಿದ್ದಳು ಎಂಬುದನ್ನು ಇಲ್ಲಿ ಹೇಳಬೇಕು. ಅವಳದು ಮಾಕಣಿ ಹತ್ತಿರದ ಊರು. ಬಸವಕಲ್ಯಾಣದ ಕಡೆಯಿಂದ ಬಂದು ನೆಲೆಸಿದ ಕನ್ನಡದ ಮನೆತನ. ಭೂಕಂಪದಲ್ಲಿ ಮಾಳಿಗೆಯ ಕಲ್ಲೊಂದು ಅವಳ ಬಲಗೈ ಮೇಲೆ ಬಿತ್ತು. ಆಗ ಅವಳು ಮೂರನೆಯ ತರಗತಿಯಲ್ಲಿದ್ದಳು. ಸೋಲಾಪುರದ ಆಸ್ಪತ್ರೆಯಿಂದ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದ ಕೈಯೊಂದಿಗೆ ಬಂದಳು. ಕಿರುಬೆರಳು ಮಡಚುವುದಿಲ್ಲ. ತಗಡಿನ ಶೆಡ್ಡಿನಲ್ಲಿ ಇದ್ದ ವರ್ಷಗಳಲ್ಲಿ ಬಂದುಹೋದವರೆಲ್ಲ ಅವಳ ಕೈ ನೋಡಿ “ಪಾಪ” ಎನ್ನುತ್ತಿದ್ದರು. ತಾಯಿ ತುಳಜಾಬಾಯಿ ಹೇಳುವಂತೆ, ಹಾಗೆ ಅಂದ ಒಬ್ಬ ದೊಡ್ಡ ಮನುಷ್ಯರಿಗೆ ಹುಡುಗಿ ಕೇಳಿದ್ದಳಂತೆ: “ನಿಮಗ ಏನು ಆಗ್ಯಾದ? ಕೈ ನಂದು.”

ಆ ಸಿಟ್ಟು ದೊಡ್ಡವಳಾದ ಮೇಲೆ ಕಡಿಮೆಯಾಗಲಿಲ್ಲ. ಬಿ.ಎ. ಮುಗಿಸಿ ಉದಗೀರಿನಲ್ಲಿ ವಿರೂಪಾಕ್ಷ ಎಂಬವರ ಕಂಪ್ಯೂಟರ್ ತರಗತಿಗೆ ಹೋದಳು. ಅವರು ಹಳೆಯ ಯಂತ್ರಗಳ ಮೇಲೆ ಲಿನಕ್ಸ್ ಕಲಿಸುತ್ತಿದ್ದರು. ಅವಳ ಕೈ ನೋಡಿ, “ನಿನಗ ಟೈಪಿಂಗ ಕಷ್ಟ ಆಗ್ತದ ತಂಗಿ, ಬ್ಯಾರೆ ಏನರೆ ಕಲಿ” ಎಂದರು.

“ಸರ್, ನಾ ಕೇಳಿದ್ದು ಕಂಪ್ಯೂಟರ ಕಲಸ್ತೀರೇನು ಅಂತ. ನನ್ನ ಕೈ ಹ್ಯಾಂಗದ ಅಂತ ಕೇಳಿಲ್ಲ.”

ವಿರೂಪಾಕ್ಷರು ಒಳ್ಳೆಯ ಮನುಷ್ಯ. ಕೋಪ ಮಾಡಿಕೊಳ್ಳದೆ ಯೋಚನೆ ಮಾಡಿದರು. ಕಮಾಂಡಿನ ಸಾಲನ್ನು ತಿದ್ದಲು ಹೆಚ್ಚಿನವರು ಕಂಟ್ರೋಲ್ ಕೀಯನ್ನು ಹಿಡಿದುಕೊಂಡೇ ಇನ್ನೊಂದು ಕೀ ಒತ್ತುತ್ತಾರೆ. ಸಾಲಿನ ಮೊದಲಿಗೆ ಹೋಗಲು ಒಂದು ಜೋಡಿ, ಕೊನೆಗೆ ಹೋಗಲು ಒಂದು ಜೋಡಿ. ಎರಡು ಕೈಯೂ ಸರಿ ಇದ್ದವರಿಗೆ ಅದು ಸಲೀಸು. ಇನ್ನೊಂದು ವಿಧಾನವೂ ಇದೆ. ಒಂದೇ ಸಾಲಿನ ಆಜ್ಞೆ ಕೊಟ್ಟರೆ ಕಮಾಂಡಿನ ಆ ಕಪ್ಪು ಪರದೆ ಈ ವಿಧಾನಕ್ಕೆ ಬದಲಾಗುತ್ತದೆ. ಅದರಲ್ಲಿ ಎಸ್ಕೇಪ್ ಒತ್ತಿ ಬಿಡಬೇಕು. ಆಮೇಲೆ ಸೊನ್ನೆ ಒತ್ತಿದರೆ ಸಾಲಿನ ಮೊದಲಿಗೆ, ಬಿ ಒತ್ತಿದರೆ ಒಂದು ಪದ ಹಿಂದಕ್ಕೆ, ಸಿ ಮತ್ತು ಡಬ್ಲ್ಯೂ ಒತ್ತಿದರೆ ಆ ಪದ ಅಳಿದು ಹೊಸದಕ್ಕೆ ಜಾಗ. ಓರೆಗೆರೆಯ ಕೀ ಒತ್ತಿ ಒಂದೆರಡು ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿದರೆ, ಆ ಅಕ್ಷರಗಳಿರುವ ಹಳೆಯ ಸಾಲುಗಳಲ್ಲಿ ತೀರ ಇತ್ತೀಚಿನದು ಎದುರಿಗೆ ಬಂದು ನಿಲ್ಲುತ್ತದೆ. ಇನ್ನೊಂದು ಎಂಟರ್ ಒತ್ತಿದರೆ ಕೆಲಸ ನಡೆಯುತ್ತದೆ.

“ಇದರಾಗ ಜೋಡಿ ಒತ್ತೂದು ಇಲ್ಲ” ಎಂದರು ವಿರೂಪಾಕ್ಷರು. “ಒಂದು ಒತ್ತು, ಬಿಡು. ಇನ್ನೊಂದು ಒತ್ತು, ಬಿಡು. ಆದ್ರ ಎರಡನೇ ಎಂಟರ್ ಮುಂಚೆ ಸಾಲು ಓದು. ಮಶೀನು ಓದಂಗಿಲ್ಲ, ನೀನೇ ಓದಬೇಕು.”

ಅವಳ ಎಡಗೈ ಎರಡು ಕೈಗಳ ಕೆಲಸಕ್ಕೆ ಒಗ್ಗಿದ್ದು ಅಲ್ಲಿಂದ. ಬಲಗೈ ಹೆಬ್ಬೆರಳಿಗೆ ಎಂಟರ್ ಮತ್ತು ಸ್ಪೇಸ್ ಮಾತ್ರ ಬಿಟ್ಟಳು. ಹೆಸರಿನ ಮೊದಲೆರಡು ಅಕ್ಷರ ಒತ್ತಿ ಟ್ಯಾಬ್ ತಟ್ಟಿದರೆ ಉಳಿದದ್ದನ್ನು ಯಂತ್ರವೇ ಬರೆಯುತ್ತಿತ್ತು. ಗಂಡ ಅಂಬಾದಾಸ ಉಮರ್ಗಾ–ನಿಲಂಗಾ ದಾರಿಯಲ್ಲಿ ಜೀಪು ಓಡಿಸುತ್ತಿದ್ದ. ಅವನು ಒಮ್ಮೆ ನನ್ನ ಮುಂದೆ ದೂರಿದ್ದ: “ಮನ್ಯಾಗೂ ಹಿಂಗೇ ಮಾಡ್ತಾಳ್ರಿ. ನಾ ಎರಡು ಅಕ್ಷರಾ ಅನ್ನೂದ್ರಾಗ ಮುಂದಿಂದು ತಾನೇ ಹೇಳಿ ಮುಗಸ್ತಾಳ. ಅದರ ಮ್ಯಾಲ ಜಗಳಾನೂ ಶುರು ಮಾಡ್ತಾಳ.”

ಬುಧವಾರ ಬೆಳಿಗ್ಗೆ ಅವಳ ಯಂತ್ರದ ಮೇಲಿನ ಗೋಡೆಗೆ ಒಂದು ಕಾಗದ ಅಂಟಿತ್ತು. ಇನ್ನು ಮುಂದೆ ಯಾರೂ ಕಂಪ್ಯೂಟರಿನಲ್ಲಿ ಶಾರ್ಟ್‌ಕಟ್ ಬಳಸಬಾರದು, ಪ್ರತಿಯೊಂದು ಕಮಾಂಡನ್ನೂ ಪೂರ್ತಿ ಟೈಪ್ ಮಾಡಬೇಕು ಎಂದು ಮರಾಠಿಯಲ್ಲಿತ್ತು. ಮಂಗಳವಾರ ಸಂಜೆ ಓಂಪ್ರಕಾಶ ಲಾತೂರಿನಿಂದ ಒಬ್ಬನನ್ನು ಕರೆಸಿ ಅವಳ ಸೆಟ್ಟಿಂಗುಗಳನ್ನು ತೆಗೆಸಿದ್ದರು. ಎಸ್ಕೇಪ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಟ್ಯಾಬ್ ಸತ್ತಿತ್ತು. ಹಳೆಯ ಸಾಲುಗಳನ್ನೆಲ್ಲ ಅಳಿಸಲಾಗಿತ್ತು.

ಅವಳು ಕಾಗದ ಓದಿದಳು, ನಾಲ್ಕು ಕೀ ಒತ್ತಿ ನೋಡಿದಳು, ಎದ್ದು ನೇರ ಅವರ ಮೇಜಿನ ಮುಂದೆ ಹೋಗಿ ನಿಂತಳು. ಬಾಗಿಲು ಮುಚ್ಚಲಿಲ್ಲ. ನಾವೆಲ್ಲ ಕೇಳಿದೆವು.

“ಸಾಹೇಬ್ರ, ತಪ್ಪು ಮಾಡೀನಿ. ಬೈರಿ. ಬೇಕಾದ್ರ ಮಹಾದೇವಪ್ಪನ ಮನಿಗಿ ಹೋಗಿ ಕೈ ಮುಗದು ಬರ್ತೀನಿ. ಕೀ ಯಾಕ ಕಸ್ಕೊಂಡ್ರಿ?”

ಓಂಪ್ರಕಾಶ ಲಾತೂರಿನವರು, ತಾಯಿ ಭಾಲ್ಕಿಯವರಾದ್ದರಿಂದ ಕನ್ನಡ ಬರುತ್ತಿತ್ತು. ಅವರಿಗೂ ಒಂದು ಕಾರಣವಿತ್ತು. ಹಿಂದೆ ಅವರು ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಆಪರೇಟರ್ ಮೇಲಿನ ಬಾಣದ ಕೀ ಒತ್ತಿ ಹಳೆಯ ಸಾಲು ತರಿಸಿ, ನೋಡದೆ ಎಂಟರ್ ಹೊಡೆದಿದ್ದ. ಅದು ಅಳಿಸುವ ಸಾಲಾಗಿತ್ತು. ಒಂದು ಇಡೀ ಹಂಗಾಮಿನ ಕೆಲಸ ಹೋಗಿತ್ತು.

“ತಪ್ಪು ಆಗಿದ್ದು ಅದರಿಂದಲೇ ಅಲಾ ಮ್ಯಾಡಂ? ಹಳೀ ಸಾಲು ಕರದ್ರಿ, ಅರ್ಧಾ ಬದಲಾಯಿಸಿದ್ರಿ, ಹೊಡದ್ರಿ.”

“ಹೌದು. ಓದ್ಲಿಲ್ಲ, ಅದಕ್ಕ ಆಯ್ತು.”

“ಪೂರಾ ಟೈಪ ಮಾಡಿದ್ರ ಓದೇ ಓದ್ತೀರಿ.”

“ಪೂರಾ ಟೈಪ ಮಾಡವ ತಪ್ಪು ಹೆಸರು ಪೂರಾ ಟೈಪ ಮಾಡ್ತಾನ, ಅಷ್ಟೇ! ಟ್ಯಾಬ್ ಯಾಕ ತಗಸಿದ್ರಿ? ಸಿಂದಾಳ ಅಂತ ಒತ್ತಿ ಟ್ಯಾಬ್ ತಟ್ಟಿದ್ರ ಅದು ಸಿಂದಾಳವಾಡಿಗಿ ಬಂದು ನಿಲ್ತದ. ಜುನಾ ಬೇಕೋ ನವಾ ಬೇಕೋ ಅಂತ ಕೇಳಿದಂಗ ನಿಲ್ತದ. ನಾ ಹೇಳೋ ತನಕ ಮುಂದ ಹೋಗಂಗಿಲ್ಲ. ನಾ ಅವತ್ತು ಟ್ಯಾಬ್ ಬಿಟ್ಟು ಹಳೀ ಸಾಲು ಕರದೆ, ಅದು ಕೇಳಲಿಲ್ಲ. ತಪ್ಪು ಅಲ್ಲಿ ಅದ. ನೀವು ಕೇಳೂದನ್ನೂ ತಗಸಿದ್ರಿ, ಕೇಳಲಾರದ್ದನ್ನೂ ತಗಸಿದ್ರಿ.”

“ಟ್ಯಾಬೂ ಶಾರ್ಟ್‌ಕಟ್ಟೇ. ಎಲ್ಲಾರಿಗೂ ಒಂದೇ ನಿಯಮ.”

“ಎಲ್ಲಾರಿಗೂ ಒಂದೇ ಕೈ ಅವ ಏನ್ರಿ?”

ಓಂಪ್ರಕಾಶ ಧ್ವನಿ ತಗ್ಗಿಸಿದರು. ಸಹಾಯ ಮಾಡುತ್ತಿದ್ದೇನೆ ಎಂದೇ ಅವರು ಅಂದುಕೊಂಡಿದ್ದರು ಎಂದು ನಾನು ಈಗಲೂ ನಂಬುತ್ತೇನೆ. “ನಿಮಗ ತ್ರಾಸ ಆಗ್ತಿದ್ರ ಹೇಳ್ರಿ. ಶೇವಂತಾಬಾಯಿ ಸಂಗಾಟ ಜರಡಿ ಕೆಲಸಾ ಕೊಡ್ತೀನಿ. ಅಲ್ಲಿ ಟೈಪಿಂಗ ಇಲ್ಲ. ಪಾಪ, ನಿಮಗೂ ಆರಾಮ.”

ಆ ‘ಪಾಪ’ ಕೇಳಿ ಜಯಮಾಲಾಳ ಮುಖ ಕೆಂಪಾಯಿತು. ಅವಳು ಬಾಯಿ ತೆರೆಯುವ ಮೊದಲೇ ಹೊರಗಿನಿಂದ ಶೇವಂತಾಬಾಯಿ ಕೂಗಿದಳು: “ಜರಡಿಗೂ ಎರಡು ಕೈ ಬೇಕಾಗ್ತಾವ್ರಿ ಸಾಹೇಬ್ರ! ಇದು ಆರಾಮ ಅಂತ ನಿಮಗ ಯಾರು ಹೇಳ್ಯಾರ? ಒಂದಿನಾ ಕೂತು ನೋಡ್ರಿ!”

ಜಯಮಾಲಾ ತನ್ನ ಕುರ್ಚಿಗೆ ಬಂದು ಕುಳಿತಳು. ಆ ದಿನ ಅವಳು ನಿಯಮದಂತೆಯೇ ಕೆಲಸ ಮಾಡಿದಳು. ಹಟಕ್ಕೆ ಮಾಡಿದಳೋ, ಬೇರೆ ದಾರಿ ಇಲ್ಲದೆಯೋ, ಗೊತ್ತಿಲ್ಲ. ತಾಲ್ಲೂಕು, ಊರು, ವರ್ಷ, ಹಂಗಾಮು ಎಲ್ಲ ಸೇರಿದ ಉದ್ದುದ್ದ ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಒತ್ತಿದಳು. ಒಂದು ಅಕ್ಷರ ತಪ್ಪಿದರೆ ಬಾಣದ ಕೀಯಲ್ಲಿ ಒಂದೊಂದೇ ಹೆಜ್ಜೆ ಹಿಂದಕ್ಕೆ. ಮಧ್ಯಾಹ್ನದ ಹೊತ್ತಿಗೆ ಎಡ ಮಣಿಕಟ್ಟು ಉಬ್ಬಿತ್ತು. ಎಂದಿನ ಕೆಲಸದ ಕಾಲು ಭಾಗವೂ ಆಗಲಿಲ್ಲ. ಮೃಗಶಿರ ಮಳೆ ಇನ್ನೇನು ಬೀಳಲಿತ್ತು. ಕಾರ್ಡಿಗೆ ಬಂದ ರೈತರು ಅಂಗಳದಲ್ಲಿ ಬೀಡಿ ಸೇದುತ್ತ, ಒಳಗೆ ಬಗ್ಗಿ ನೋಡುತ್ತ ಕುಳಿತರು. ಒಬ್ಬ ಕೇಳಿದ, “ಕಂಪ್ಯೂಟರ ಬಾಯಿಗಿ ಇವತ್ತು ಹುಷಾರಿಲ್ಲೇನು?”

“ಬಾಯಿಗಿ ಹುಷಾರದ. ಗ್ವಾಡಿಗಿ ಹುಷಾರಿಲ್ಲ” ಎಂದು ಶೇವಂತಾಬಾಯಿ ಕಾಗದದ ಕಡೆ ಗಲ್ಲ ಎತ್ತಿದಳು.

ಗುರುವಾರ ಬೆಳಿಗ್ಗೆ ಓಂಪ್ರಕಾಶ ಅವಳ ಹತ್ತಿರ ಬಂದು, ಕೆಲಸ ಹಿಂದೆ ಬೀಳುತ್ತಿದೆ, ಸೋಮವಾರದಿಂದ ಆ ಕುರ್ಚಿಗೆ ಬೇರೆಯವರು ಬರುತ್ತಾರೆ, ಅವಳು ಜರಡಿಗೆ ಕೂಡಬೇಕು ಎಂದು ಹೇಳಿ, ಜಳಕೋಟದ ಕಡೆ ಮಣ್ಣಿನ ಚೀಲ ತರಲು ಹೋದರು. ಎರಡು ದಿನದಲ್ಲಿ ಅವಳ ಕೀಗಳನ್ನು ತೆಗೆದು, ಕೆಲಸ ನಿಧಾನವಾಯಿತು ಎಂದು ಅದಕ್ಕೇ ಅವಳನ್ನು ಎಬ್ಬಿಸುತ್ತಿದ್ದರು. ಇದು ನ್ಯಾಯವಲ್ಲ ಎಂದು ನಮಗೆ ಗೊತ್ತಿತ್ತು. ಹೇಳಲು ಅವಳೊಬ್ಬಳೇ ಇದ್ದಳು, ಅವಳು ಆಗಲೇ ಹೇಳಿದ್ದಳು.

ನಾನು ಮಣ್ಣಿನ ಸಾವಯವ ಇಂಗಾಲ ಅಳೆಯುವ ಟೈಟ್ರೇಶನ್ ಮಾಡುತ್ತಿದ್ದೆ. ಹನಿ ಬೀಳುತ್ತಿದ್ದ ಬ್ಯುರೆಟ್ಟಿನ ನಳಿಗೆಯಿಂದ ಕಣ್ಣು ತೆಗೆಯದೆ ಅವಳ ಮಾತು ಕೇಳಿದೆ.

“ನೋಡ್ರಿ, ಸಿಂದಾಳವಾಡಿ ಒಂದೇ ಏನು? ಎಲ್ಲಾ ಜುನಾ–ನವಾ ಊರು ನಾ ಹಂಗೇ ತಗದೀನಿ. ಒಂದಕ್ಕ ಹಿಂಗ ಆಗಿದ್ರ ಇನ್ನೊಂದಕ್ಕ ಆಗಿಲ್ಲ ಅಂತ ಹ್ಯಾಂಗ ಹೇಳ್ಲಿ? ಹಳೀ ಸಾಲು ಇದ್ದಿದ್ರ ಒಂದು ಗಳಿಗಿದಾಗ ನೋಡತಿದ್ದೆ. ಆ ಲಾತೂರಿನ ಶ್ಯಾಣ್ಯಾ ಅದನ್ನೇ ಅಳಿಸಿ ಹೋಗ್ಯಾನ!”

ನಾನು ಏನಾದರೂ ಹೇಳುವ ಮೊದಲೇ ಅವಳು ಯಂತ್ರದ ಕಡೆ ತಿರುಗಿದಳು. ಉದಗೀರಿನಲ್ಲಿ ಕಲಿತ ಆ ಒಂದು ಸಾಲು ಅವಳಿಗೆ ಬಾಯಿಪಾಠವಾಗಿತ್ತು. ಗೋಡೆಯ ಕಾಗದದ ಕೆಳಗೇ ಕುಳಿತು ಅದನ್ನು ಒತ್ತಿದಳು. ಎಸ್ಕೇಪ್ ಕೀಗೆ ಜೀವ ಬಂತು. ಟ್ಯಾಬನ್ನೂ ಮರಳಿ ಪಡೆದಳು.

ಆಮೇಲೆ ಅವಳು ಮಾಡಿದ ಕೆಲಸ ಸರಳವಾದದ್ದು. ಪ್ರತಿ ಜೋಡಿ ಊರಿಗೂ, ನಾವು ಕೊಟ್ಟ ಕಾರ್ಡಿನ ಕಡತವನ್ನು ಮೂಲ ಫಲಿತಾಂಶದ ಕಡತದ ಪಕ್ಕ ಇಟ್ಟು ಹೋಲಿಸುವ ಒಂದು ಸಾಲು ಬರೆದಳು. ಒಂದು ಊರು ಮುಗಿದ ಮೇಲೆ ಎಸ್ಕೇಪ್ ಒತ್ತಿ ಅದೇ ಸಾಲನ್ನು ಕರೆದು, ಎರಡೂ ಕಡೆ ಹೆಸರನ್ನು ಅಳಿಸಿ, ಟ್ಯಾಬ್ ತಟ್ಟಿ, ಅದು ನಿಂತಾಗ ಜುನಾ ಅಥವಾ ನವಾ ಹಾಕಿ, ಮುಂದುವರಿದಳು. ಎಂಟರ್ ಒತ್ತುವ ಮೊದಲು ಪ್ರತಿ ಸಲ ಸಾಲನ್ನು ಜೋರಾಗಿ ಓದಿದಳು. “ಇಕಡಿ ಜುನಾ. ಅಕಡಿ ಜುನಾ. ಹೂಂ.” “ಇಕಡಿ ನವಾ. ಅಕಡಿ ನವಾ. ಹೂಂ.” ಶಾಲೆಯಲ್ಲಿ ಮಗ್ಗಿ ಹೇಳಿದಂತೆ ಕೇಳುತ್ತಿತ್ತು, ಆದರೆ ಹಲ್ಲು ಕಚ್ಚಿ ಹೇಳುತ್ತಿದ್ದಳು. ಎಷ್ಟೋ ಊರುಗಳಿಗೆ ಪರದೆ ಖಾಲಿ ಬಂತು, ಎಂದರೆ ವ್ಯತ್ಯಾಸವಿಲ್ಲ. ನಡುವೆ ಒಂದು ಊರಿಗೆ ಪರದೆ ಸಾಲು ಸಾಲಾಗಿ ತುಂಬಿ ಮೇಲಕ್ಕೆ ಸರಿಯತೊಡಗಿತು. ಅವಳ ‘ಹೂಂ’ ನಿಂತಿತು. ನಾನು ಎದ್ದು ಹೋಗಿ ನೋಡಿದೆ. ಸಿಂದಾಳವಾಡಿಯಲ್ಲದೆ ಇನ್ನೊಂದು ಊರಿನಲ್ಲೂ ಅದೇ ತಪ್ಪಾಗಿತ್ತು. ಅಲ್ಲಿಂದ ಇನ್ನೂ ಯಾರೂ ಜಗಳಕ್ಕೆ ಬಂದಿರಲಿಲ್ಲ. ಕಾರ್ಡು ನಂಬಿ ಬಿತ್ತನೆಗೆ ಕಾಯುತ್ತಿದ್ದರು.

“ಇದನ್ನ ಹೇಳಿದ್ರ ಸೋಮವಾರ ತನಕಾನೂ ಇಡಂಗಿಲ್ಲ ನಿನ್ನ” ಎಂದಳು ಶೇವಂತಾಬಾಯಿ, ಬಾಗಿಲಲ್ಲಿ ನಿಂತು. “ಸುಮ್ನ ಹೊಸಾ ಕಾರ್ಡ ತಗದು ಕೊಡು. ಮ್ಯಾಲಿನವರಿಗಿ ಯಾಕ?”

“ಸುಮ್ನ ಕೊಡ್ಲಿಕ್ಕ ಕದ್ದಿದ್ದೇನು ನಾ?”

ಅಷ್ಟರಲ್ಲಿ ಕೇಂದ್ರದ ಗಾಡಿ ಬಂತು. ಓಂಪ್ರಕಾಶ ಇಳಿದರು. ಗುರುವಾರ ಬರಲು ಹೇಳಿದ್ದರಿಂದ ಮಹಾದೇವಪ್ಪನೂ ಅದೇ ಹೊತ್ತಿಗೆ ಗೇಟಿನೊಳಗೆ ಬಂದ, ಈ ಸಲ ಮೀಸೆಯ ಆ ಭಾವನನ್ನೂ ಸಾಕ್ಷಿಗೆ ಕರೆದುಕೊಂಡು. ಅಂಗಳದ ರೈತರು ತಮಾಷೆ ನೋಡಲು ಎದ್ದು ನಿಂತರು.

ಓಂಪ್ರಕಾಶ ಒಳಗೆ ಕಾಲಿಟ್ಟವರು ಪರದೆಯನ್ನೂ, ಅವಳ ಎಡಗೈ ಓಡುತ್ತಿದ್ದ ರೀತಿಯನ್ನೂ ನೋಡಿದರು. ಅವರಿಗೆ ಅರ್ಥವಾಯಿತು.

“ನಾ ತಗಸಿದ್ದನ್ನ ಮತ್ತ ಹಾಕ್ಕೊಂಡ್ರೇನು?”

“ಹಾಕ್ಕೊಂಡೀನಿ.”

“ನಿಯಮ ಅಂತ ಗ್ವಾಡಿಗಿ ಹಚ್ಚೀನಿ. ಕಾಣಂಗಿಲ್ಲೇನು?”

“ಕಾಣ್ತದ. ಅದರ ಬುಡಕ್ಕೇ ಕೂತೀನಿ.” ಅವಳು ಎದ್ದಳು. “ಸೋಮವಾರ ಜರಡಿಗಿ ಹಾಕ್ರಿ, ಮನಿಗಿ ಕಳಸ್ರಿ, ನಿಮ್ಮ ಖುಷಿ. ಆದ್ರ ಮೊದಲ ಇದು ಕೇಳ್ರಿ. ಸಿಂದಾಳವಾಡಿ ಒಂದೇ ಅಲ್ಲ. ಇನ್ನೊಂದು ಊರಿಂದೂ ನಾ ತಪ್ಪು ತಗದೀನಿ. ಅವರಿಗಿ ಗೊತ್ತೇ ಇಲ್ಲ. ನಿಮ್ಮ ನಿಯಮದ ಪ್ರಕಾರ ಒಂದೊಂದ ಅಕ್ಷರಾ ಒತ್ತಿ ಹುಡುಕಿದ್ರ ದೀಪಾವಳಿಗಿ ಸಿಗತಿತ್ತು. ಎರಡೂ ಕೂಡಿ ಹೊಸಾ ಕಾರ್ಡ ಇವತ್ತೇ ತಗೀಬೇಕು, ನಾಳೆ ಮನಿ ಮನಿಗಿ ಮುಟ್ಟಬೇಕು. ಮಳಿ ನಮ್ಮ ದಾರಿ ನೋಡಂಗಿಲ್ಲ.”

ಮಹಾದೇವಪ್ಪ ಭಾವನ ಕಡೆ ನೋಡಿದ, ಭಾವ ಮೀಸೆಯಿಂದ ಕೈ ತೆಗೆದ.

ಓಂಪ್ರಕಾಶ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಅವಳ ತಪ್ಪು ಅವರು ತಿಳಿದದ್ದಕ್ಕಿಂತ ದೊಡ್ಡದಾಗಿತ್ತು, ಅದನ್ನು ಅವಳೇ ಎಲ್ಲರ ಮುಂದೆ ಹೇಳುತ್ತಿದ್ದಳು. ಸೋಮವಾರ ಬರಬೇಕಾದವರನ್ನು ಈ ಗುರುವಾರ ಮಧ್ಯಾಹ್ನ ಎಲ್ಲಿಂದ ತರುವುದು ಎಂದೂ ಅವರು ಯೋಚಿಸಿರಬೇಕು. ಅವರು ಸ್ಟೂಲು ಎಳೆದು ಕುಳಿತರು. ಕಾಗದದ ಕಡೆ ನೋಡಲಿಲ್ಲ.

“ತಗೀರಿ. ನಿಮ್ಮ ಕೀದಿಂದಲೇ ತಗೀರಿ. ಸೋಮವಾರದ್ದು ಬಿಡ್ರಿ, ಅವರಿಗಿ ಬರಬ್ಯಾಡ ಅಂತ ಹೇಳ್ತೀನಿ.” ಆಮೇಲೆ, ಅಂಗಳದವರಿಗೆ ಕೇಳಿಸಬಾರದು ಎಂಬಂತೆ ಧ್ವನಿ ಇಳಿಸಿ ಕೇಳಿದರು, “ಒಟ್ಟು ಎಷ್ಟು ಕಾರ್ಡ ತಪ್ಪ್ಯಾವ?”

ಜಯಮಾಲಾ ಧ್ವನಿ ಇಳಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಹಾದೇವಪ್ಪನಿಗೂ, ಗೇಟಿನ ಹತ್ತಿರ ಬೀಡಿ ಹಿಡಿದು ನಿಂತವರಿಗೂ ಕೇಳುವ ಹಾಗೆ ಹೇಳಿದಳು:

“ಎಪ್ಪತ್ತೊಂದು.”